ಬೇಸಿಗೆ ರಜೆಯ ಹಿಮಾಲಯ: ಯಾವ ದಾರಿ, ಯಾವ ಬೂಟು, ಯಾವ ಹೊತ್ತು

ಧಾರವಾಡದಲ್ಲಿ ಮಾಸ್ತರಿಕೆ ಮಾಡುವವರಿಗೆ ಹಿಮಾಲಯ ಸಿಗುವುದು ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಮಾತ್ರ. ಒಕ್ಕಲುತನದವರಿಗೂ ಅಷ್ಟೇ: ರೋಹಿಣಿ ಮಳೆ ಬಿದ್ದರೆ ಬಿತ್ತನೆಯ ಗಡಿಬಿಡಿ, ಮಿರಗದ ಹೊತ್ತಿಗೆ ಊರು ಬಿಡುವ ಮಾತೇ ಇಲ್ಲ. ಹೀಗಾಗಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುವ ಹೆಚ್ಚಿನವರು ಚಾರಣದ ಹಂಗಾಮು ಆಗಷ್ಟೇ ಕಣ್ಣು ಬಿಡುವ ಕಾಲಕ್ಕೆ ಅಲ್ಲಿಗೆ ಮುಟ್ಟುತ್ತಾರೆ. ಚಳಿಗಾಲದ ಹಿಮ ಇನ್ನೂ ಪೂರ್ತಿ ಕರಗಿರುವುದಿಲ್ಲ. ಕರಗಿದ್ದು ಎಲ್ಲಿಗೂ ಹೋಗಿರುವುದಿಲ್ಲ, ನಾವು ನಡೆಯುವ ದಾರಿಯನ್ನೇ ಹಿಡಿದು ಇಳಿಯುತ್ತಿರುತ್ತದೆ.

ಈ ಕಾಲದಲ್ಲಿ ನಾನು ಐದು ಬಾರಿ ಹೋಗಿ ಬಂದಿದ್ದೇನೆ. ಹೊರಡುವ ಮುನ್ನ ಓಣಿಯವರೆಲ್ಲ ಕೇಳುವುದು ಒಂದೇ ಮಾತು: ‘ಅಲ್ಲಿ ಥಂಡಿ ಎಷ್ಟಿರುತ್ತದೆ?’ ಥಂಡಿಗೆ ನಮ್ಮವರು ಚೆನ್ನಾಗಿಯೇ ಸಜ್ಜಾಗುತ್ತಾರೆ. ಸ್ವೆಟರಿನ ಮೇಲೆ ಸ್ವೆಟರು, ಕಿವಿ ಮುಚ್ಚುವ ಟೊಪ್ಪಿಗೆ, ಎರಡೆರಡು ಜೊತೆ ಕೈಗವಸು. ಐದು ಬಾರಿಯೂ ನಮ್ಮನ್ನು ಕಾಡಿದ್ದು ಮಾತ್ರ ನೀರು. ಬೂಟಿನೊಳಗಿನ ನೀರು, ಚೀಲದೊಳಗಿನ ನೀರು, ಮಧ್ಯಾಹ್ನ ಮೂರಕ್ಕೆ ಎದುರು ನಿಂತ ಹಳ್ಳದ ನೀರು. ಒದ್ದೆ ಮೈಯಿಂದ ಬಿಸಿ ಸೋರುವ ಬಗೆಯೇ ಬೇರೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕೆಳಗಿನ ಹೋಲಿಕೆಯಲ್ಲಿ ನಾನು ಪ್ರತಿ ವಸ್ತುವಿಗೂ ಪ್ರತಿ ದಾರಿಗೂ ಹಾಕಿದ ಮೊದಲ ಪ್ರಶ್ನೆ ಒಂದೇ: ಒದ್ದೆಯಾದರೆ ಏನು ಗತಿ?

ಯಾವ ಮಳೆಗೆ ಯಾವ ದಾರಿ

ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿಟ್ಟರೆ ನೆನಪಿನಲ್ಲಿ ಉಳಿಯುವುದು ಸುಲಭ. ಏಪ್ರಿಲ್ ಮಧ್ಯದ ಅಶ್ವಿನಿಗೆ ಕೇದಾರಕಂಠ. ಏಪ್ರಿಲ್ 27ರ ಸುಮಾರಿಗೆ ಹುಟ್ಟುವ ಭರಣಿಗೆ ಹರ್ ಕೀ ದೂನ್. ಮೇ 11ರ ಕೃತ್ತಿಕೆಗೆ ಸರ್ ಪಾಸ್ (ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಕಣಿವೆ ಬಾಗಿಲು). ಜೂನ್ 8ರ ಮಿರಗ ಕಳೆದು ಆರಿದ್ರಾ ಹತ್ತಿರವಾದಾಗ ಹಂಪ್ತಾ ಪಾಸ್. ಇದು ಪಂಚಾಂಗವಲ್ಲ, ಹಿಮ ಬೀಳುವುದೂ ಕರಗುವುದೂ ವರ್ಷದಿಂದ ವರ್ಷಕ್ಕೆ ಎರಡು ವಾರ ಹಿಂದೆ ಮುಂದೆ ಆಗುತ್ತದೆ.

ಮೊದಲ ಎರಡನ್ನು ಒಟ್ಟಿಗೆ ನೋಡಬೇಕು, ಏಕೆಂದರೆ ಎರಡೂ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಒಂದೇ ಹಳ್ಳಿಯಿಂದ ಶುರುವಾಗುತ್ತವೆ. ಡೆಹ್ರಾಡೂನಿನಿಂದ ಮಸ್ಸೂರಿ, ಪುರೋಲಾ, ಮೋರಿ, ನೈಟ್ವಾರ್ ಮೇಲೆ ಸುಮಾರು 200 ಕಿಲೋಮೀಟರ್. ಘಟ್ಟದ ರಸ್ತೆಯಾದ್ದರಿಂದ ಇಡೀ ಹಗಲು ಬಸ್ಸಿನಲ್ಲೇ ಹೋಗುತ್ತದೆ. ಕೇದಾರಕಂಠ ಒಂದು ಶಿಖರ, ಸುಮಾರು 3,800 ಮೀಟರ್. ಹರ್ ಕೀ ದೂನ್ ಒಂದು ಕಣಿವೆ, ಸುಮಾರು 3,560 ಮೀಟರ್. ಚಿತ್ರಗಳಲ್ಲಿ ಕೇದಾರಕಂಠ ಗೆಲ್ಲುತ್ತದೆ: ಡಿಸೆಂಬರಿನಲ್ಲಿ ತೆಗೆದ ಚಿತ್ರಗಳು, ಮೊಣಕಾಲುದ್ದ ಬಿಳಿ ಹಿಮ. ಮೇ ಮೊದಲ ವಾರಕ್ಕೆ ಹೋದರೆ ಆ ಹಿಮ ನೆರಳಿನ ಮಗ್ಗುಲಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಉಳಿದಿರುತ್ತದೆ, ಉಳಿದ ದಾರಿ ಕೆಸರು. ಶಾಲೆಗೆ ರಜೆ ಬಿದ್ದ ಮರುದಿನವೇ ರೈಲು ಹತ್ತುವವರಾದರೆ ಕೇದಾರಕಂಠಕ್ಕೆ ಹೋಗಿ. ಇಲ್ಲವಾದರೆ ಬೇಡ.

ಹರ್ ಕೀ ದೂನ್‌ನಲ್ಲಿ ದಾಟಬೇಕಾದ ಕಣಿವೆ ಬಾಗಿಲು ಯಾವುದೂ ಇಲ್ಲ, ಹೋದ ದಾರಿಯಲ್ಲೇ ಮರಳುವುದು. ಇದನ್ನು ಕೆಲವರು ಕೊರತೆ ಎಂದು ಎಣಿಸುತ್ತಾರೆ. ಈ ಕಾಲದಲ್ಲಿ ಇದೇ ಅದರ ದೊಡ್ಡ ಗುಣ. ಪಾಸ್ ದಾಟುವ ಚಾರಣದಲ್ಲಿ ಹವೆ ಕೆಟ್ಟರೆ ಮುಂದೆಯೂ ಹಿಮ, ಹಿಂದೆಯೂ ಹಿಮ. ಇಲ್ಲಿ ಯಾವ ಕ್ಷಣದಲ್ಲೂ ತಿರುಗಿ ನಡೆದರೆ ಗಂಗಾಡ್, ಓಸ್ಲಾ ಊರುಗಳು ಸಿಗುತ್ತವೆ. ಕಟ್ಟಿಗೆಯ ಮನೆ, ಉರಿಯುವ ಒಲೆ, ಕಾಲುಚೀಲ ಹರವಲು ಒಂದು ಹಗ್ಗ. ಕಣಿವೆಯ ತಲೆಯಲ್ಲಿ ನಿಂತರೆ ಎದುರಿಗೆ 6,252 ಮೀಟರ್ ಎತ್ತರದ ಸ್ವರ್ಗಾರೋಹಿಣಿ. ಈ ಪ್ರದೇಶ ಗೋವಿಂದ ರಾಷ್ಟ್ರೀಯ ಉದ್ಯಾನದೊಳಗೆ ಬರುವುದರಿಂದ ಅರಣ್ಯ ಇಲಾಖೆಯ ಪರವಾನಗಿ ಬೇಕು. ಮೊದಲ ಬಾರಿ ಹೋಗುವವರು, ಹೈಸ್ಕೂಲು ಓದುವ ಮಕ್ಕಳನ್ನು ಕರೆದೊಯ್ಯುವವರು, ಐವತ್ತು ದಾಟಿದವರು ನನ್ನನ್ನು ಕೇಳಿದರೆ ಹೇಳುವ ಹೆಸರು ಇದೊಂದೇ. ಇನ್ನೊಂದು ಅನುಕೂಲವೂ ಇದೆ. ಏಪ್ರಿಲ್ ಕೊನೆಯಲ್ಲಿ ಎರಡರಲ್ಲಿ ಯಾವುದು ಎಂದು ಧಾರವಾಡದಲ್ಲಿ ಕುಳಿತು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಾಂಕ್ರಿಗೆ ಹೋಗಿ, ಮೇಲಿನಿಂದ ಇಳಿದು ಬಂದವರ ಬೂಟು ನೋಡಿ ನಿರ್ಧರಿಸಬಹುದು.

ಸರ್ ಪಾಸ್ ಹಿಮಾಚಲದ್ದು. ಪಾರ್ವತಿ ಕಣಿವೆಯ ಕಸೋಲಿನಿಂದ ಹೊರಟು ಗ್ರಹಣ್ ಹಳ್ಳಿ, ಮಿನ್ ಥಾಚ್, ನಗಾರು ಮೇಲೆ ಹತ್ತಿ, ಬಿಸ್ಕೇರಿ ಥಾಚ್ ಕಡೆಗೆ ಇಳಿಯುವ ದಾರಿ. ಎತ್ತರ ಸುಮಾರು 4,200 ಮೀಟರ್. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಹಲವು ವರ್ಷಗಳಿಂದ ಮೇ ತಿಂಗಳಲ್ಲಿ ಇಲ್ಲಿ ರಾಷ್ಟ್ರೀಯ ಚಾರಣ ನಡೆಸುತ್ತ ಬಂದಿದೆ, ನಮ್ಮ ಭಾಗದಿಂದ ಹೋಗಿ ಬಂದವರು ಓಣಿಗೊಬ್ಬರಾದರೂ ಸಿಗುತ್ತಾರೆ. ಮೇ ಮಧ್ಯದಲ್ಲೂ ಇಲ್ಲಿ ನಿಜವಾದ ಹಿಮವಿದೆ. ಪಾಸ್ ದಾಟುವ ದಿನ ನಸುಕಿಗೂ ಮೊದಲೇ ಟಾರ್ಚು ಕಟ್ಟಿಕೊಂಡು ಹೊರಟು ಗಂಟೆಗಟ್ಟಲೆ ಹಿಮದ ಮೇಲೆಯೇ ನಡೆಯಬೇಕು, ಆಮೇಲೆ ಇಳಿಜಾರಿನಲ್ಲಿ ಕುಳಿತು ಜಾರಬೇಕು. ಜಾರುವಾಗ ನಗು ತಡೆಯಲಾಗುವುದಿಲ್ಲ. ಕೆಳಗೆ ಮುಟ್ಟಿದ ಮೇಲೆ ಪ್ಯಾಂಟಿನ ಹಿಂಭಾಗ ಹಿಂಡಿದರೆ ಒಂದು ತಂಬಿಗೆ ನೀರು. ಕಸೋಲು ಸುಮಾರು 1,600 ಮೀಟರಿನಲ್ಲಿದೆ, ಅಂದರೆ ಕೆಲವೇ ದಿನಗಳಲ್ಲಿ 2,600 ಮೀಟರ್ ಏರುತ್ತೀರಿ. ಧಾರವಾಡ ಇರುವುದು 750ರ ಆಸುಪಾಸಿನಲ್ಲಿ. ನಮ್ಮ ಪುಪ್ಪುಸಕ್ಕೆ ಇದು ಸಣ್ಣ ಮಾತಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬ ನಿಯಮವನ್ನು ನಿಮ್ಮ ತಂಡದ ಕಾರ್ಯಕ್ರಮ ಪಾಲಿಸುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಎರಡನೆಯ ಚಾರಣಕ್ಕೆ ಸರ್ ಪಾಸ್ ಒಳ್ಳೆಯದು, ಮೊದಲನೆಯದಕ್ಕೆ ಅಲ್ಲ.

ಹಂಪ್ತಾ (ಸುಮಾರು 4,270 ಮೀಟರ್) ಕುಲ್ಲು ಕಣಿವೆಯ ಹಸಿರಿನಿಂದ ಲಾಹೌಲದ ಬೋಳು ಬೆಟ್ಟಕ್ಕೆ ಒಂದೇ ದಿನದಲ್ಲಿ ಕರೆದೊಯ್ಯುತ್ತದೆ. ನನಗೆ ತೀರ ಪ್ರೀತಿಯ ದಾರಿ. ಆದರೆ ಜೂನ್ ಮಧ್ಯಕ್ಕೆ ಮೊದಲು ಅದರ ಮಾತು ಬೇಡ, ಮತ್ತು ಆ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಚಾರಣ ಮುಗಿಸಿ ಛತ್ರುವಿನಿಂದ ಚಂದ್ರತಾಲ್ ಸರೋವರಕ್ಕೆ ಜೀಪಿನಲ್ಲಿ ಹೋಗುವ ಆಸೆಯೂ ಹಂಗಾಮಿನ ಮೊದಲ ದಿನಗಳಲ್ಲಿ ಕೈಗೂಡುತ್ತದೆ ಎಂಬ ಭರವಸೆಯಿಲ್ಲ. ಇನ್ನು 4,650 ಮೀಟರಿನ ರೂಪಿನ್ ಪಾಸ್: ಹಿಮಸೇತುವೆಗಳ ಮೇಲೆ ನದಿ ದಾಟಿ, ಕಡಿದಾದ ಹಿಮದ ಓಣಿಯಲ್ಲಿ ಹತ್ತಬೇಕು. ಅದನ್ನು ಇಲ್ಲಿ ಹೆಸರಿಸುತ್ತಿರುವುದು, ಯಾರಾದರೂ ‘ಮೊದಲ ಸಲವೇ ರೂಪಿನ್‌ಗೆ ಹೋಗೋಣ’ ಎಂದರೆ ನೀವು ಬೇಡ ಎನ್ನಲಿ ಎಂದು.

ಬೆಳಗಿನ ಹಳ್ಳ, ಮಧ್ಯಾಹ್ನದ ಹಳ್ಳ

ಬೆಣ್ಣೆಹಳ್ಳ, ತುಪ್ಪರಿಹಳ್ಳದ ಸೀಮೆಯವರಿಗೆ ಹಳ್ಳದ ಸ್ವಭಾವ ಹೇಳಿಕೊಡಬೇಕಿಲ್ಲ. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ ಎಂಬುದು ನಮಗೆ ಗೊತ್ತು. ಹಿಮಾಲಯದ ಹಳ್ಳ ಇನ್ನೂ ಒಂದು ಹೆಜ್ಜೆ ಮುಂದೆ: ಅದಕ್ಕೆ ಮಳೆಯೇ ಬೇಕಿಲ್ಲ. ಬಿಸಿಲು ಏರಿದಂತೆ ಹಿಮ ಕರಗುತ್ತದೆ, ಕರಗಿದ್ದು ಇಳಿದು ಬರಲು ಕೆಲವು ತಾಸು ಹಿಡಿಯುತ್ತದೆ, ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಹಳ್ಳ ತುಂಬಿ ಹರಿಯುತ್ತದೆ. ರಾತ್ರಿ ಎಲ್ಲ ಹೆಪ್ಪುಗಟ್ಟಿ, ನಸುಕಿನಲ್ಲಿ ಮತ್ತೆ ಬಡವಾಗುತ್ತದೆ. ಪ್ರತಿ ದಿನ ಇದೇ ನಡೆ.

ಹರ್ ಕೀ ದೂನ್‌ನಿಂದ ಮರಳುವಾಗ, ಓಸ್ಲಾಕ್ಕಿಂತ ಮೇಲೆ ಒಂದು ಹೆಸರಿಲ್ಲದ ಹಳ್ಳಕ್ಕೆ ನಾವು ಐವರು ಬಂದು ನಿಂತಾಗ ಮೂರೂಕಾಲು ಗಂಟೆ. ಹೋಗುವಾಗ ಅದರ ಮೇಲೆ ಎರಡು ದಿಮ್ಮಿ ಇದ್ದವು, ಈಗ ಇರಲಿಲ್ಲ. ನೀರಿನ ಬಣ್ಣ ಹಾಲು ಬೆರೆಸಿದ ಚಹಾದ ಹಾಗೆ, ತಳ ಕಾಣುತ್ತಿರಲಿಲ್ಲ. ಆದರೆ ಕೇಳುತ್ತಿತ್ತು, ಒಳಗೆ ಕಲ್ಲಿಗೆ ಕಲ್ಲು ಬಡಿದು ಉರುಳುವ ಸದ್ದು. ಜೊತೆಗಿದ್ದ ಊರಿನ ಹುಡುಗ ತನ್ನ ಕೋಲನ್ನು ಅಂಚಿನಲ್ಲಿ ಇಳಿಸಿದ. ಮೇಲಿನಿಂದ ಎರಡನೆಯ ಗಂಟಿನವರೆಗೆ ಮುಳುಗಿತು, ಮುಳುಗಿದ್ದು ನಡುಗತೊಡಗಿತು. ನಮ್ಮಲ್ಲಿ ಇಬ್ಬರು ದಾಟಿಬಿಡೋಣ ಎಂದರು; ಅವರ ಅವಸರದ ಕಾರಣಕ್ಕೆ ಆಮೇಲೆ ಬರುತ್ತೇನೆ. ಹುಡುಗ ಒಂದು ಮಾತೂ ಆಡದೆ ಬಂಡೆಯ ಮರೆಯಲ್ಲಿ ಚೀಲ ಇಳಿಸಿ ಕುಳಿತ. ಮರುದಿನ ಬೆಳಿಗ್ಗೆ ಐದೂವರೆಗೆ ಅದೇ ಕೋಲು, ಅದೇ ಜಾಗ: ಕೆಳಗಿನ ಗಂಟೂ ಒದ್ದೆಯಾಗಲಿಲ್ಲ. ಬೂಟು ಕಳಚದೆ, ಮೊಣಕಾಲು ತೋಯದೆ ದಾಟಿದೆವು.

ಆದ್ದರಿಂದ ‘ಬೆಳಿಗ್ಗೆ ನಾಲ್ಕಕ್ಕೆ ಹೊರಡುವ ತಂಡ’ ಮತ್ತು ‘ತಿಂಡಿ ಮುಗಿಸಿ ಎಂಟೂವರೆಗೆ ಹೊರಡುವ ತಂಡ’ ಎರಡರಲ್ಲಿ ಆರಿಸುವಾಗ ನಿದ್ದೆಯ ಮುಖ ನೋಡಬೇಡಿ. ಹಿಮಕ್ಕೂ ಇದೇ ಲೆಕ್ಕ. ನಸುಕಿನ ಹಿಮ ಸಿಮೆಂಟಿನ ಹಾಗೆ ಗಟ್ಟಿ, ಮೇಲೆ ನಡೆದು ಹೋಗಬಹುದು. ಹನ್ನೊಂದರ ನಂತರದ ಹಿಮ ಒದ್ದೆ ಅವಲಕ್ಕಿ. ಹೆಜ್ಜೆಗೊಮ್ಮೆ ಮೊಣಕಾಲಿನವರೆಗೆ ಹೂತು, ಒಂದು ಕಿಲೋಮೀಟರಿಗೆ ಒಂದು ತಾಸು. ದೊಡ್ಡ ಬಂಡೆಗಳ ಅಂಚಿನಲ್ಲಿ ಇನ್ನಷ್ಟು ಎಚ್ಚರ ಬೇಕು: ಕಪ್ಪು ಕಲ್ಲು ಬಿಸಿಲು ಹೀರಿ ತನ್ನ ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿರುತ್ತದೆ, ಮೇಲೆ ಬಿಳಿ ಹೊದಿಕೆ, ಕೆಳಗೆ ಪೊಳ್ಳು. ಹಿಮಸೇತುವೆಯ ನಡು ಬೂದು ಬಣ್ಣಕ್ಕೆ ತಿರುಗಿ ತಗ್ಗಾಗಿದ್ದರೆ ಅದರ ಮೇಲೆ ಕಾಲಿಡಬಾರದು. ಗಟ್ಟಿಯಾಗಿ ಕಂಡರೂ ಒಬ್ಬೊಬ್ಬರಾಗಿ ದಾಟಬೇಕು.

ನೀರಿನಲ್ಲೇ ಇಳಿಯಬೇಕಾದರೆ ಕಿರಿದಾದ ಜಾಗಕ್ಕಿಂತ ಅಗಲವಾದ ಜಾಗ ಮೇಲು. ಕಿರಿದು ಎಂದರೆ ಆಳ, ಆಳ ಎಂದರೆ ಸೆಳೆತ. ಚೀಲದ ಸೊಂಟಪಟ್ಟಿ ಬಿಚ್ಚಿರಿ, ಬಿದ್ದರೆ ಚೀಲ ನಿಮ್ಮನ್ನು ಮುಳುಗಿಸಬಾರದು. ನೀರು ಬರುವ ಕಡೆ ಮುಖ ಮಾಡಿ, ಕೋಲು ಮುಂದೆ ಊರಿ, ಓರೆಯಾಗಿ ಸರಿಯಿರಿ. ಬರಿಗಾಲಿನ ಸಾಹಸ ಬೇಡ. ಎರಡೇ ನಿಮಿಷದಲ್ಲಿ ಪಾದ ಮರಗಟ್ಟಿ, ಕಲ್ಲು ತಾಗಿದ್ದೂ ತಿಳಿಯುವುದಿಲ್ಲ.

ಬೂಟು: ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ

ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದವರಿಗೆ ಬೂಟಿನ ಅರ್ಧ ಪಾಠ ಆಗಿಹೋಗಿರುತ್ತದೆ. ನಾಲ್ಕು ಹೆಜ್ಜೆಗೆ ಚಪ್ಪಲಿಯ ಕೆಳಗೆ ಒಂದು ಸೇರು ಮಣ್ಣು, ಹತ್ತು ಹೆಜ್ಜೆಗೆ ಎರಡು. ಒದ್ದೆ ಹಿಮವೂ ಹಾಗೆಯೇ ಅಡಿಯಲ್ಲಿ ಉಂಡೆ ಕಟ್ಟುತ್ತದೆ. ಎರೆಯಲ್ಲಿ ರೈತರು ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಬಿಡುತ್ತಾರೆ. ಅಲ್ಲಿ ಆ ದಾರಿ ಇಲ್ಲ.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಹಿಮ್ಮಡಿಯ ಗಂಟು ಮುಚ್ಚುವ, ಒಳಗೆ ನೀರು ತಡೆಯುವ ಪದರವಿರುವ ಚಾರಣದ ಬೂಟು. ಎರಡನೆಯದು ಜಾಲರಿ ಬಟ್ಟೆಯ ಹಗುರ ಓಟದ ಬೂಟು. ಮೂರನೆಯದು ದಪ್ಪ ಚರ್ಮದ, ಅಟ್ಟೆ ಬಾಗದ ಭಾರಿ ಬೂಟು. ನೀರು ತಡೆಯುವ ಪದರದ ಬಗ್ಗೆ ಮಾರುವವರು ಹೇಳುವುದು ನಿಜ, ಆದರೆ ಅರ್ಧ ನಿಜ. ಕೆಸರು, ತೆಳು ಹಿಮ, ತೊರೆಯಂಚಿನ ತೇವ, ಇಷ್ಟಕ್ಕೆ ಅದು ಬಲು ಚೆನ್ನ. ಒಮ್ಮೆ ಮೇಲಿನಿಂದ ನೀರು ಒಳಗೆ ಇಳಿಯಿತೋ, ಹೊರಗಿನ ನೀರನ್ನು ಒಳಗೆ ಬಿಡದ ಪದರ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಕಾಲಿಗೆ ಒಂದೊಂದು ಕೊಡ ಕಟ್ಟಿಕೊಂಡ ಹಾಗೆ. ಒಣಗಲು ಎರಡು ಬಿಸಿಲು ದಿನ ಬೇಕು, ಬೆಟ್ಟ ಅಷ್ಟು ಬಿಸಿಲು ಕೊಡುವುದಿಲ್ಲ. ಜಾಲರಿ ಬೂಟು ಐದು ನಿಮಿಷಕ್ಕೆ ತೊಯ್ದು, ಹತ್ತು ನಿಮಿಷಕ್ಕೆ ಬಸಿದು, ನಡೆಯುತ್ತಲೇ ಅರ್ಧ ಒಣಗುತ್ತದೆ. ಆದರೆ ಹಿಮದಲ್ಲಿ ಬೆರಳು ನೀಲಿಗಟ್ಟುತ್ತವೆ, ಇಳಿಜಾರಿನಲ್ಲಿ ತುದಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಲು ಆಗುವುದಿಲ್ಲ.

ನಾನೇ ಒಂದು ಪರೀಕ್ಷೆ ಮಾಡಿ ನೋಡಿದೆ. ಎರಡು ಬಗೆಯನ್ನೂ ಬಚ್ಚಲಿನ ಬಕೆಟ್ಟಿನಲ್ಲಿ ಅದ್ದಿ, ಒಂದೊಂದು ದಿನ ಒಂದೊಂದನ್ನು ತೊಟ್ಟು, ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಐದು ಕಿಲೋಮೀಟರ್ ನಡೆದೆ. ಹೆಜ್ಜೆಗೊಮ್ಮೆ ಪಿಚಕ್ ಎನ್ನುವ ಸದ್ದಿಗೆ ವಾಯುವಿಹಾರಕ್ಕೆ ಬಂದಿದ್ದ ಹಿರಿಯರೊಬ್ಬರು ನಿಂತು, ‘ಏನು ಸರ್, ನಲ್ಲಿ ಒಡೆದಿದೆಯೇ?’ ಎಂದು ವಿಚಾರಿಸಿಕೊಂಡರು. ಮರ್ಯಾದೆ ಹೋದರೂ ಒಂದು ವಿಷಯ ತಿಳಿಯಿತು: ಪದರದ ಬೂಟಿನಲ್ಲಿ ಮೂರನೆಯ ಕಿಲೋಮೀಟರಿಗೆ ಹಿಮ್ಮಡಿ ಉಜ್ಜಿ ಗುಳ್ಳೆ ಎದ್ದಿತು. ಒಣ ಕಾಲಿಗೆ ಸರಿ ಹೊಂದುವ ಬೂಟು ಒದ್ದೆ ಕಾಲಿಗೆ ಹೊಂದಬೇಕೆಂದಿಲ್ಲ. ಇದು ಧಾರವಾಡದಲ್ಲಿ ತಿಳಿದರೆ ನಷ್ಟವಿಲ್ಲ.

ಈಗ ನನ್ನ ತೀರ್ಪು. ಹರ್ ಕೀ ದೂನ್, ಕೇದಾರಕಂಠಕ್ಕೆ ಪದರದ ಬೂಟು, ಅದರ ಜೊತೆಗೆ ಕಡ್ಡಾಯವಾಗಿ ಗೇಟರ್. ಅಂದರೆ ಬೂಟಿನ ಬಾಯಿಂದ ಮೊಣಕಾಲಿನವರೆಗೆ ಸುತ್ತುವ ನೀರು ತಡೆಯುವ ಬಟ್ಟೆ. ಗೇಟರ್ ಇಲ್ಲದ ಪದರದ ಬೂಟು ಮುಚ್ಚಳವಿಲ್ಲದ ಡಬ್ಬಿ. ಸರ್ ಪಾಸಿಗೂ ಅದೇ ಜೋಡಿ, ಅಟ್ಟೆ ಸ್ವಲ್ಪ ಗಟ್ಟಿ ಇರಲಿ. ಜಾಲರಿ ಬೂಟು ಜೂನ್ ಕೊನೆಯ ಹಂಪ್ತಾಕ್ಕೆ, ಅದೂ ಹಿಂದೆ ಹೋಗಿ ಬಂದವರಿಗೆ. ಭಾರಿ ಚರ್ಮದ್ದು ಪರ್ವತಾರೋಹಣ ಕಲಿಯುವವರಿಗೆ ಬಿಡಿ. ಯಾವುದೇ ತೆಗೆದುಕೊಳ್ಳಿ, ದಪ್ಪ ಉಣ್ಣೆಯ ಕಾಲುಚೀಲ ತೊಟ್ಟು, ಸಂಜೆಯ ಹೊತ್ತು, ಕಾಲು ಸ್ವಲ್ಪ ಊದಿರುವಾಗ ಅಳತೆ ನೋಡಿ.

ಬೂಟು ನೆನೆದೇ ನೆನೆಯುತ್ತದೆ ಎಂದುಕೊಂಡು ಹೋಗುವುದು ಜಾಣತನ. ಮೂರು ಜೊತೆ ಕಾಲುಚೀಲ: ಎರಡು ನಡೆಯಲು, ಒಂದು ಮಲಗಲು ಮಾತ್ರ. ಮಲಗುವ ಜೊತೆ ಏನೇ ಆದರೂ ಡೇರೆಯ ಹೊರಗೆ ಬರಬಾರದು. ಚೀಲದಲ್ಲಿ ಹಳೆಯ ದಿನಪತ್ರಿಕೆ ಇಟ್ಟುಕೊಳ್ಳಿ. ರಾತ್ರಿ ಉಂಡೆ ಮಾಡಿ ಬೂಟಿನೊಳಗೆ ತುರುಕಿ, ಒಂದು ತಾಸಿಗೆ ಬದಲಿಸಿದರೆ ಅರ್ಧ ನೀರು ಕಾಗದಕ್ಕೆ ಬರುತ್ತದೆ. ಆಮೇಲೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲಗುಚೀಲದ ಕಾಲ್ದೆಸೆಗೆ ಇಡಿ. ಹೊರಗೆ ಬಿಟ್ಟ ಬೂಟು ಬೆಳಿಗ್ಗೆ ಕಟ್ಟಿಗೆಯಾಗಿರುತ್ತದೆ, ಲೇಸು ತಂತಿಯಂತೆ ನೆಟ್ಟಗೆ ನಿಂತಿರುತ್ತದೆ. ಅದನ್ನು ಕಟ್ಟುವಷ್ಟರಲ್ಲಿ ಬೆರಳು ಹೋಗುತ್ತವೆ. ಒಲೆಯ ಪಕ್ಕ ಒಣಗಿಸುವ ಆಸೆಗೆ ಬೀಳಬೇಡಿ. ಓಸ್ಲಾದಲ್ಲಿ ನಮ್ಮ ಗೆಳೆಯ ಹಾಗೆ ಮಾಡಿದ. ಅಂಟು ಕರಗಿ ಅಟ್ಟೆ ನಾಲಿಗೆ ಚಾಚಿತು. ಉಳಿದ ಎರಡು ದಿನ ಅದನ್ನು ಲಾಡಿಯಿಂದ ಬಿಗಿದುಕೊಂಡು ನಡೆದ.

ಕಾಲಿಗೆ ಹಲ್ಲು, ಕೈಗೆ ಕೋಲು

ಮೈಕ್ರೋಸ್ಪೈಕ್ ಎಂದರೆ ರಬ್ಬರಿನ ಪಟ್ಟಿ, ಕೆಳಗೆ ಸರಪಳಿ, ಅದಕ್ಕೆ ಸಣ್ಣ ಉಕ್ಕಿನ ಹಲ್ಲುಗಳು. ಯಾವ ಬೂಟಿಗಾದರೂ ಎಳೆದು ಹಾಕಬಹುದು. ಕ್ರ್ಯಾಂಪಾನ್ ಕೂಡ ಬೂಟಿಗೆ ಕಟ್ಟುವಂಥದೇ, ಹಲ್ಲು ಇನ್ನೂ ಉದ್ದ, ಅದಕ್ಕೆ ಗಟ್ಟಿ ಅಟ್ಟೆಯ ಬೂಟು ಮತ್ತು ಅಭ್ಯಾಸ ಬೇಕು; ಅಭ್ಯಾಸವಿಲ್ಲದವರ ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಹೇಳಿದ ದಾರಿಗಳಿಗೆ ಮೈಕ್ರೋಸ್ಪೈಕ್ ಸಾಕು. ಅದು ಕೆಲಸಕ್ಕೆ ಬರುವುದು ನಸುಕಿನ ಗಟ್ಟಿ ಹಿಮದಲ್ಲಿ. ಮಧ್ಯಾಹ್ನದ ಮೆತ್ತನೆಯ ಹಿಮದಲ್ಲಿ ಉಂಡೆ ಕಟ್ಟಿಸಿಕೊಂಡು ಹೊರೆಯಾಗುತ್ತದೆ, ಆಗ ಕಳಚಿಡಿ.

ಇವನ್ನು ಕೊಳ್ಳುವುದೋ ಬಾಡಿಗೆಗೆ ಪಡೆಯುವುದೋ? ಮೈಕ್ರೋಸ್ಪೈಕ್, ಮಲಗುಚೀಲ, ದಪ್ಪ ಜಾಕೆಟ್ ಬಾಡಿಗೆಗೆ ಸಾಕು. ಸಾಂಕ್ರಿಯಲ್ಲೂ ಮನಾಲಿಯಲ್ಲೂ ಸಿಗುತ್ತವೆ. ಬೂಟನ್ನು ಮಾತ್ರ ಎಂದೂ ಬಾಡಿಗೆಗೆ ತರಬೇಡಿ. ಗೇಟರನ್ನೂ ಕೊಂಡೇ ಬಿಡಿ ಎನ್ನುತ್ತೇನೆ. ಒಮ್ಮೆ ಬಾಡಿಗೆಗೆ ತಂದ ಜೊತೆಯಲ್ಲಿ ಒಂದರ ಜಿಪ್ ಮೊದಲ ದಿನವೇ ಬಾಯಿ ಬಿಟ್ಟಿತು, ಇನ್ನೊಂದರ ಅಡಿಪಟ್ಟಿ ಇರಲೇ ಇಲ್ಲ. ಅಂಗಡಿಯವನದೆಷ್ಟು ತಪ್ಪೋ, ಬಿಚ್ಚಿ ನೋಡದೆ ತಂದ ನನ್ನದೂ ಅಷ್ಟೇ. ಬಾಡಿಗೆ ಸಾಮಾನನ್ನು ಅಲ್ಲೇ ತೊಟ್ಟು, ರಬ್ಬರನ್ನು ಎಳೆದು, ಸರಪಳಿಯ ಕೊಂಡಿ ಒಂದೊಂದನ್ನೂ ಮುಟ್ಟಿ ನೋಡಿ.

ಕೋಲಿಗೆ ಬಂದರೆ, ಮಡಚುವ ಅಲ್ಯೂಮಿನಿಯಂ ಕೋಲು ಎರಡಿದ್ದರೆ ಒಳ್ಳೆಯದು, ತುದಿಗೆ ಅಗಲ ಬಿಲ್ಲೆ ಇರಲಿ, ಇಲ್ಲವಾದರೆ ಹಿಮದಲ್ಲಿ ಹಿಡಿಕೆಯವರೆಗೆ ಇಳಿದುಹೋಗುತ್ತದೆ. ಅಲ್ಲಿನ ಊರವರು ಕೊಡುವ ಬಿದಿರಿನ ಕೋಲೂ ಸಾಲುತ್ತದೆ. ಹಳ್ಳದಲ್ಲಿ ನನಗೆ ಅದರ ಮೇಲೆಯೇ ಹೆಚ್ಚು ನಂಬಿಕೆ.

ಮೈಮೇಲೆ, ಬೆನ್ನಮೇಲೆ

ಹತ್ತಿ ಬಟ್ಟೆ ಬೇಡ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಜೀನ್ಸ್ ತೊಟ್ಟು ಬರುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಉಣ್ಣೆ ಏಕೆ ಬೇಕು ಎಂಬುದಕ್ಕೆ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಕಂಬಳಿಯನ್ನು ನೆನೆದರೆ ಸಾಕು: ಕುರಿಗಾರರು ಕೊಪ್ಪೆ ಮಾಡಿ ಹೊದ್ದು ಮಳೆಯಲ್ಲೇ ದಿನವಿಡೀ ನಿಲ್ಲುತ್ತಾರೆ, ಕಂಬಳಿ ತೊಯ್ದರೂ ಒಳಗೆ ಬೆಚ್ಚಗಿರುತ್ತದೆ. ಕಂಬಳಿಯನ್ನೇ ಹೊತ್ತೊಯ್ಯಿರಿ ಎನ್ನುತ್ತಿಲ್ಲ, ತೂಕ ಬಹಳ. ಮೈಗೆ ತಾಗುವ ಒಂದು ಪದರ ಉಣ್ಣೆಯದೋ ಬೇಗ ಒಣಗುವ ಕೃತಕ ನೂಲಿನದೋ ಇರಲಿ. ಹಕ್ಕಿಪುಕ್ಕದ ಜಾಕೆಟ್ ಹಗುರ, ಬೆಚ್ಚಗೆ, ಆದರೆ ನೆನೆದರೆ ಮುದ್ದೆಯಾಗಿ ಸತ್ತ ಹಾಗೆ ಬೀಳುತ್ತದೆ. ಈ ಕಾಲಕ್ಕೆ ಕೃತಕ ತುಂಬುವಿಕೆಯದೇ ಮೇಲು.

ಮಳೆಗೆ ಪಾಂಚೋ, ಅಂದರೆ ತಲೆಯ ಮೇಲಿನಿಂದ ಹೊದೆಯುವ ಅಗಲ ಮಳೆಬಟ್ಟೆ, ಅಗ್ಗ, ಚೀಲವನ್ನೂ ಮುಚ್ಚುತ್ತದೆ, ಕಾಡಿನ ದಾರಿಯಲ್ಲಿ ಚೆನ್ನ. ಮರಗಳ ಸಾಲು ದಾಟಿದ ಮೇಲೆ ಗಾಳಿ ಅದನ್ನು ಮುಖದ ಮೇಲೆ ಎಸೆಯುತ್ತದೆ, ಹಿಮದ ಇಳಿಜಾರಿನಲ್ಲಿ ನಿಮ್ಮ ಪಾದವೇ ನಿಮಗೆ ಕಾಣುವುದಿಲ್ಲ. ಪಾಸ್ ದಾಟುವವರು ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟಿಗೆ ಹಣ ಹಾಕಿ. ಹಿಮದ ಬಿಸಿಲಿಗೆ ಕಣ್ಣು ಸುಡುತ್ತದೆ, ಪಕ್ಕವೂ ಮುಚ್ಚುವ, ಅತಿನೇರಳೆ ಕಿರಣ ತಡೆಯುವ ‘ಯುವಿ 400’ ಕನ್ನಡಕ ಬೇಕೇ ಬೇಕು.

ಚೀಲದ ಮೇಲಿನ ಮಳೆಹೊದಿಕೆ ನೋಡಲು ಚಂದ, ಕೆಲಸ ಅರ್ಧ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟುವುದು ನೂರು ಪಾಲು ವಾಸಿ. ಗೊಬ್ಬರದ ಚೀಲದೊಳಗಿನ ಅಸ್ತರಿಯಂಥದು ಅಮರಗೋಳ ಮಾರುಕಟ್ಟೆಯ ಕಡೆ ಸಿಗುತ್ತದೆ. ಹೊಸದನ್ನೇ ಕೇಳಿ, ಗೊಬ್ಬರ ತುಂಬಿದ್ದು ಬೇಡ. ಎಲ್ಲಕ್ಕಿಂತ ಒಳಗೆ, ಇನ್ನೊಂದು ಚೀಲದಲ್ಲಿ, ಮಲಗುವ ಒಂದು ಜೊತೆ ಒಣ ಬಟ್ಟೆ.

ಈ ಒಣ ಬಟ್ಟೆಯ ಮಾತನ್ನು ಹಗುರವಾಗಿ ಆಡುತ್ತಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದ ತಂಡವೊಂದು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಜೂನ್ ಬಂದರೆ ಬೇಸಿಗೆ ಎಂಬ ನಮ್ಮ ಬಯಲುಸೀಮೆಯ ಲೆಕ್ಕ 4,000 ಮೀಟರ್ ಮೇಲೆ ನಡೆಯುವುದಿಲ್ಲ. ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಗಾಳಿ ಮತ್ತು ಒದ್ದೆ ಅದರ ಮೇಲೆ. ಜೊತೆಯವರು ನಡುಗುತ್ತ, ಮಾತು ತೊದಲುತ್ತ, ‘ನನಗೇನೂ ಆಗಿಲ್ಲ’ ಎನ್ನುತ್ತಿದ್ದರೆ ನಡಿಗೆ ನಿಲ್ಲಿಸಿ, ಗಾಳಿಗೆ ಮರೆ ಹುಡುಕಿ, ಒದ್ದೆ ಬಟ್ಟೆ ತೆಗೆಸಿ ಒಣದು ತೊಡಿಸುವುದೇ ಮೊದಲ ಕೆಲಸ.

ತಿನ್ನುವುದರಲ್ಲಿ ನನಗೆ ಗೊಂದಲವಿಲ್ಲ. ಅಂಗಡಿಯ ಚಾಕೊಲೇಟು ಪಟ್ಟಿ ಥಂಡಿಗೆ ಕಲ್ಲಾಗಿ ಹಲ್ಲು ಮುರಿಯುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ; ತೇವ ತಾಗಿದರೆ ಕಡಕ್ ಹೋಗಿ ಚರ್ಮವಾಗುತ್ತದೆ.

ಯಾರ ಜೊತೆ, ಎಷ್ಟು ದಿನ

ದೊಡ್ಡ ಚಾರಣ ಸಂಸ್ಥೆಯ ಜೊತೆ ಹೋದರೆ ಡೇರೆ, ಊಟ, ಮಾರ್ಗದರ್ಶಿ, ಆಮ್ಲಜನಕದ ಸಿಲಿಂಡರು ಎಲ್ಲ ಅವರದು; ತಂಡದಲ್ಲಿ ಇಪ್ಪತ್ತು ಮಂದಿ, ಎಲ್ಲರಿಗೂ ಒಂದೇ ಗಡಿಯಾರ. ನಾಲ್ಕೈದು ಜನ ಸೇರಿ ಊರಿನ ಮಾರ್ಗದರ್ಶಿಯನ್ನು ಗೊತ್ತು ಮಾಡಿಕೊಂಡರೆ ನಿಂತು, ಕಾದು, ತಿರುಗಿ ಬರುವ ಸ್ವಾತಂತ್ರ್ಯ ಹೆಚ್ಚು. ಸರ್ ಪಾಸಿಗೆ ನಾನು ಮೊದಲನೆಯದನ್ನು ಒಪ್ಪುತ್ತೇನೆ, ಹರ್ ಕೀ ದೂನ್‌ಗೆ ಎರಡನೆಯದನ್ನು. ಮಾರ್ಗದರ್ಶಿಯೇ ಇಲ್ಲದೆ, ಮೊಬೈಲಿನ ನಕ್ಷೆ ನಂಬಿ ಹೊರಡುವ ಮೂರನೆಯ ಆಯ್ಕೆ ಈ ಕಾಲದಲ್ಲಿ ಆಯ್ಕೆಯೇ ಅಲ್ಲ. ನಕ್ಷೆಯಲ್ಲಿರುವ ದಾರಿ ಹಿಮದ ಕೆಳಗಿರುತ್ತದೆ.

ಕೊನೆಗೆ ರೈಲು. 2024ರ ನವೆಂಬರಿನಿಂದ ಮುಂಗಡ ಟಿಕೆಟ್ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೇ ಮೊದಲ ವಾರದ ಪಯಣಕ್ಕೆ ಮಾರ್ಚ್ ಮೊದಲ ವಾರ ಕುಳಿತು ಕಾಯಬೇಕು. ಹೋಗುವ ಟಿಕೆಟಿಗೆ ಎಲ್ಲರೂ ಕಾಯುತ್ತಾರೆ. ಮರಳುವ ಟಿಕೆಟಿನಲ್ಲಿ ಚಾರಣ ಮುಗಿದ ಮೇಲೆ ಎರಡು ದಿನ ಖಾಲಿ ಬಿಟ್ಟು ಕಾಯ್ದಿರಿಸುವವರು ಕಡಿಮೆ. ಆ ಹಳ್ಳದ ದಂಡೆಯಲ್ಲಿ ದಾಟೋಣ ಎಂದವರ ಅವಸರಕ್ಕೆ ಕಾರಣ ಇದೇ: ನಾವು ಒಂದೇ ದಿನದ ಅಂತರ ಇಟ್ಟಿದ್ದೆವು, ಆ ದಿನ ಹಳ್ಳಕ್ಕೆ ಹೋಯಿತು. ನಿಜಾಮುದ್ದೀನಿನಿಂದ ಹುಬ್ಬಳ್ಳಿಗೆ ಹೊರಟ ರೈಲಿನಲ್ಲಿ ನಮ್ಮ ಐದು ಬರ್ತುಗಳು ಖಾಲಿ ಬಂದವು. ನಾವು ಮರುದಿನದ ತತ್ಕಾಲಿಗೆ ಹಣ ತೆತ್ತು, ಬೇರೆ ಬೇರೆ ಬೋಗಿಗಳಲ್ಲಿ, ಇನ್ನೂ ಒಣಗದ ಬೂಟುಗಳನ್ನು ಸೀಟಿನ ಕೆಳಗೆ ಪತ್ರಿಕೆಯಲ್ಲಿ ಸುತ್ತಿಟ್ಟುಕೊಂಡು ಬಂದೆವು.